ಗದ್ದೆಯಲ್ಲಿ ಗಾಳಿ ಇತ್ತು, ಶಾಮಿಯಾನದೊಳಗೆ ಇರಲಿಲ್ಲ

ಹಾಸನ, 16 ಜನವರಿ 2022, ಭಾನುವಾರ

ಕೊರೊನಾದ ವೀಕೆಂಡ್ ಕರ್ಫ್ಯೂ ಶುರುವಾಗಿ ಇದು ಎರಡನೇ ವಾರ. ಬೆಳಿಗ್ಗೆ ಹಾಲಿಗೆ ಹೋದವನು ಐದು ನಿಮಿಷಕ್ಕೆ ವಾಪಸ್ ಬಂದೆ. ಬೀದಿಯಲ್ಲಿ ಮಂಜು, ಎರಡು ನಾಯಿ, ಒಬ್ಬ ಪೇಪರ್ ಹುಡುಗ, ಅಷ್ಟೇ. ಸಂಕ್ರಾಂತಿಯ ಎಳ್ಳು ಬೆಲ್ಲ ಡಬ್ಬದಲ್ಲಿ ಇನ್ನೂ ಅರ್ಧ ಇದೆ. ಈ ಸಲ ಹಂಚಲು ಹೆಚ್ಚು ಮನೆಗೆ ಹೋಗಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಾ ನಾನೇ ಮುಗಿಸುತ್ತಿದ್ದೇನೆ. ಕೊಬ್ಬರಿ, ಕಡ್ಲೆಬೀಜ ಹೆಕ್ಕಿ ತಿಂದು ಎಳ್ಳು ಮಾತ್ರ ಉಳಿಸ್ತೀಯ ಎಂದು ಅಮ್ಮ ಬೈದೂ ಆಯ್ತು.

ಟೀವಿಯಲ್ಲಿ ನಿನ್ನೆ ಸಂಜೆಯಿಂದ ಕೊಹ್ಲಿಯದೇ ಸುದ್ದಿ. ಕೇಪ್‌ಟೌನಿನಲ್ಲಿ ಸರಣಿ ಸೋತ ಮಾರನೇ ದಿನವೇ ಟೆಸ್ಟ್ ನಾಯಕತ್ವ ಬಿಟ್ಟಿದ್ದಾನೆ. ಇವತ್ತು ಟೆನ್ನಿಸ್ ಆಟಗಾರ ಜೊಕೊವಿಚ್ ಸರದಿ. ಲಸಿಕೆ ಹಾಕಿಸಿಕೊಳ್ಳದ ಅವನ ವೀಸಾ ರದ್ದು ಮಾಡಿದ್ದು ಸರಿ ಎಂದು ಅಲ್ಲಿನ ಕೋರ್ಟು ಹೇಳಿತು, ಆಸ್ಟ್ರೇಲಿಯಾದಿಂದ ವಾಪಸ್ ಕಳಿಸಿದರು. ನಾಳೆ ಟೂರ್ನಿ ಶುರು! "ಒಂದು ಸೂಜಿಗೆ ಇಷ್ಟೊಂದು ಹಟವಾ?" ಎಂದು ಅಮ್ಮ ಚಾನಲ್ ಬದಲಾಯಿಸಿದರು.

ಹನ್ನೊಂದು ಗಂಟೆಗೆ ಊರಿಂದ ಫೋನು. ನಮ್ಮೂರಿನ ಕ್ರಿಕೆಟ್ ಹುಡುಗರ ಮುಖಂಡ. ಹೆಸರು ಬೇಡ, ಅವನು ಈ ಬ್ಲಾಗ್ ಓದುತ್ತಾನೆ.

"ಅಣ್ಣ, ಸಂಕ್ರಾಂತಿಗೆ ಆಗ್ಲಿಲ್ಲ. ಕರ್ಫ್ಯೂ ತೆಗೆದ ಕೂಡ್ಲೆ ಟೂರ್ನಮೆಂಟ್ ಇಟ್ಕೊತೀವಿ. ಸ್ಕೋರಿಂಗ್ ನೀನೇ."

"ಇಷ್ಟು ಬೇಗ ಯಾಕೋ? ಕೇಸು ದಿನಾ ಏರ್ತಾ ಇದೆ, ನೋಡ್ತಿಲ್ವಾ?"

"ಬಯಲಲ್ಲಿ ತಾನೆ ಕಣಣ್ಣ! ಗದ್ದೆ ಬಯಲು. ಅಲ್ಲಿಗೆ ಎಲ್ಲಿಂದ ಬರುತ್ತೆ ಕೊರೊನಾ?"

ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಫೋನ್ ಮಾಡ್ತೀನಿ ಅಂತ ಇಟ್ಟುಬಿಟ್ಟೆ. ಅವನು ಹೇಳಿದ್ದು ಅರ್ಧ ನಿಜ ಎನ್ನುವುದೇ ತೊಂದರೆ. ಕಳೆದ ವರ್ಷ ಮಾರ್ಚಿನಲ್ಲಿ ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಪದಗಳಲ್ಲಿ, ನಾನೇ ಅಮ್ಮನಿಗೆ ಹೇಳಿ ಊರಿಗೆ ಹೊರಟಿದ್ದೆ.

ಅಟ್ಟದಿಂದ ಹಳೇ ಸ್ಕೋರ್ ಬುಕ್ ಇಳಿಸಿದೆ. 2021ರ ಮಾರ್ಚ್ 20 ಮತ್ತು 21, ಶನಿವಾರ, ಭಾನುವಾರ. "ಹೊನಲು ಬೆಳಕಿನ ಟೆನ್ನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿ." ನಮ್ಮೂರು ಆಲೂರು ತಾಲ್ಲೂಕಿನಲ್ಲಿದೆ. ಕುಯ್ಲು ಮುಗಿದ ಮೇಲೆ ಒಂದೆರಡು ಬದು ಒಡೆದು, ಕೂಳೆ ಕೆತ್ತಿ, ನಡುವೆ ನೀರು ಹಾಕಿ ರೋಲರ್ ಉರುಳಿಸಿದರೆ ಪಿಚ್ ರೆಡಿ. ಸುಣ್ಣ ಎಳೆದರೆ ಬೌಂಡರಿ. ಒಂದು ಮಗ್ಗುಲಿಗೆ ಕೆರೆ ಏರಿ, ಅದೇ ನಮ್ಮ ಗ್ಯಾಲರಿ. ಆರು ಓವರಿನ ಮ್ಯಾಚು, ಹದಿನೆಂಟು ಟೀಮು. ಸರಣಿ ಶ್ರೇಷ್ಠನಿಗೆ ಒಂದು ನಾಟಿ ಕೋಳಿ. ಜಾವಗಲ್ ಶ್ರೀನಾಥ್ ಹೆಸರಲ್ಲೇ ನಮ್ಮ ಜಿಲ್ಲೆಯ ಊರಿದೆ ಎಂದು ಪ್ರತಿ ಟೂರ್ನಮೆಂಟಿನಲ್ಲೂ ಒಮ್ಮೆಯಾದರೂ ಮೈಕಿನಲ್ಲಿ ಹೇಳಲೇಬೇಕು, ಅದು ಶಾಸ್ತ್ರ.

ಆ ಹೊತ್ತಿಗೆ ನಾವೆಲ್ಲ ಕೊರೊನಾ ಮುಗಿದೇ ಹೋಯಿತು ಎಂದುಕೊಂಡಿದ್ದೆವು. 2020ರ ಮೊದಲ ಲಾಕ್‌ಡೌನಿನಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಹಸಿರು ವಲಯದಲ್ಲಿದ್ದವು, ಅಂದರೆ ಸೋಂಕಿಲ್ಲದ ಜಿಲ್ಲೆಗಳ ಪಟ್ಟಿಯಲ್ಲಿ. ಆ ಹಸಿರು ಬಣ್ಣ ನಮ್ಮ ತಲೆಯಿಂದ ಇಳಿದೇ ಇರಲಿಲ್ಲ ಅನ್ನಿಸುತ್ತೆ. ಅರವತ್ತು ದಾಟಿದವರಿಗೆ ಮಾರ್ಚ್ 1ರಿಂದ ಲಸಿಕೆ ಶುರುವಾಗಿತ್ತು. ಅಹಮದಾಬಾದಿನಲ್ಲಿ ಇಂಗ್ಲೆಂಡ್ ವಿರುದ್ಧದ ಮೊದಲ ಎರಡು ಟಿ20ಗೆ ಅರವತ್ತು ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು. ಆಮೇಲೆ ಅಲ್ಲಿ ಕೇಸು ಏರಿತು ಅಂತ ಉಳಿದ ಮೂರು ಪಂದ್ಯಗಳನ್ನು ಖಾಲಿ ಸ್ಟೇಡಿಯಮ್ಮಿನಲ್ಲಿ ಆಡಿಸಿದರು. ಅದರಲ್ಲಿ ಐದನೆಯದು ಅದೇ ಮಾರ್ಚ್ 20ರ ರಾತ್ರಿ. ಲಕ್ಷದ ಮೇಲೆ ಜನ ಹಿಡಿಸುವ ಅಷ್ಟು ದೊಡ್ಡ ಸ್ಟೇಡಿಯಂ ಬಣಗುಟ್ಟುತ್ತಿತ್ತು. ನಮ್ಮ ಗದ್ದೆ ತುಂಬಿ ತುಳುಕುತ್ತಿತ್ತು.

ಆ ಮ್ಯಾಚನ್ನು ನಾವು ನೋಡಿದ್ದು ಎಲ್ಲಿ? ಸ್ಕೋರರ್ ಶಾಮಿಯಾನದಲ್ಲಿ, ಒಂದೇ ಮೊಬೈಲಿನಲ್ಲಿ. ಕೊಹ್ಲಿ, ರೋಹಿತ್ ಇಬ್ಬರೇ ಓಪನಿಂಗ್ ಬಂದಿದ್ದರು. ರೋಹಿತ್ 64, ಕೊಹ್ಲಿ ಔಟಾಗದೆ 80. ಮೊಬೈಲನ್ನು ನೀರಿನ ಕ್ಯಾನಿಗೆ ಒರಗಿಸಿ ಎಂಟು ಜನ ತಲೆ ಕೂಡಿಸಿಕೊಂಡು ಕೂತಿದ್ದೆವು. ನನ್ನ ಕಿವಿ ಪಕ್ಕದಲ್ಲಿ ಯಾರದೋ ಉಸಿರು, ಎಲೆ ಅಡಿಕೆ ವಾಸನೆ. ಸಿಕ್ಸ್ ಹೊಡೆದಾಗಲೆಲ್ಲ ಎಂಟೂ ಬಾಯಿ ಒಟ್ಟಿಗೆ ಕೂಗುತ್ತಿದ್ದವು. ಹೊರಗೆ ಇಬ್ಬನಿ, ಚಳಿಗಾಳಿ. ಸ್ಕೋರ್ ಶೀಟ್ ಹಾರುತ್ತೆ ಅಂತ ಶಾಮಿಯಾನಕ್ಕೆ ಮೂರೂ ಕಡೆ ಪರದೆ ಬಿಡಿಸಿದ್ದೆವು. ಬಿಡಿಸಿದ್ದು ನಾನೇ.

ಇನ್ನು ಮೈಕು. ನಮ್ಮ ಭಾಗದಲ್ಲಿ ಕಾಮೆಂಟರಿ ಇಲ್ಲದಿದ್ದರೆ ಅದು ಟೂರ್ನಮೆಂಟೇ ಅಲ್ಲ. ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದರು. ಸುತ್ತಲಿನ ಹತ್ತೂರಿಗೆ ಅವರದೇ ದನಿ. "ಚೆಂಡು ಏರಿತು, ಏರಿತು, ತೆಂಗಿನ ಮರಕ್ಕೇ ಸವಾಲು ಹಾಕಿತು, ಇಳಿಯೋದು ಮಾತ್ರ ಸಿದ್ದೇಗೌಡ್ರ ಹುಣಿಸೆ ತೋಪಿಗೆ!" ಅವರು ಟೀ ಕುಡಿಯುವಾಗ ಮೈಕು ಇನ್ನೊಬ್ಬನ ಕೈಗೆ, ಅವನು ಊಟಕ್ಕೆ ಎದ್ದರೆ ಮತ್ತೊಬ್ಬನಿಗೆ. ಮೈಕಿನ ತಲೆಗೆ ಕೆಂಪು ಸ್ಪಂಜಿನ ಟೋಪಿ ಇರುತ್ತಲ್ಲ, ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅದು ಒದ್ದೆಯಾಗಿತ್ತು. ಒಂದು ಓವರ್ ನಾನೂ ಮಾತಾಡಿದೆ. ಹುಳಿ ವಾಸನೆ ಬಂತು. ಕರ್ಚೀಫಿನಲ್ಲಿ ಒರೆಸಿ ಮುಂದುವರಿಸಿದೆ. ಅದೇ ಕರ್ಚೀಫಿನಲ್ಲಿ ಆಮೇಲೆ ಮುಖವನ್ನೂ ಒರೆಸಿಕೊಂಡೆ.

ಬುಧವಾರ ಮೇಷ್ಟ್ರಿಗೆ ಜ್ವರ. ಗುರುವಾರ ನನಗೆ. ಶುಕ್ರವಾರ ಅಮ್ಮ ಕಾಫಿ ಕೊಟ್ಟರೆ ಬಿಸಿನೀರು ಕುಡಿದ ಹಾಗಾಯ್ತು.

ನಾನು ಮನೆಯಲ್ಲೇ ಸುಧಾರಿಸಿಕೊಂಡೆ. ಅಮ್ಮನಿಗೂ ಬಂತು, ಹದಿನೈದು ದಿನ ನರಳಿದರು, ಹುಷಾರಾದರು. ಮೇಷ್ಟ್ರು ಆಗಲಿಲ್ಲ. ಎರಡು ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಅಂದರು, ಮೂರನೆಯದರಲ್ಲಿ ಸಿಕ್ಕಿತು. ಏಪ್ರಿಲ್ ಎರಡನೇ ವಾರ ಹೋಗಿಬಿಟ್ಟರು. ಟೂರ್ನಮೆಂಟಿನ ಹೊತ್ತಿಗೇ ಲಸಿಕೆಗೆ ಅವರ ಸರದಿ ಬಂದು ಇಪ್ಪತ್ತು ದಿನ ಆಗಿತ್ತು. "ಟೂರ್ನಮೆಂಟ್ ಮುಗೀಲಿ ಮಾರಾಯ, ಸೂಜಿ ಹಾಕಿಸಿ ಜ್ವರ ಬಂದ್ರೆ ಗಂಟಲು ಕೆಡುತ್ತೆ" ಅಂದಿದ್ದರು. ನಾನೂ ಹೂಂ ಅಂದಿದ್ದೆ.

ಹುಷಾರಾದ ಮೇಲೆ ಮಾಡೋಕೆ ಕೆಲಸವಿಲ್ಲದೆ ಇದೇ ಸ್ಕೋರ್ ಬುಕ್ ಹಿಡಿದು ಕೂತಿದ್ದೆ. ಅದರಲ್ಲಿ ಆಡಿದವರ ಹೆಸರೆಲ್ಲ ಇದೆಯಲ್ಲ! ಒಬ್ಬೊಬ್ಬರಿಗೇ ಫೋನ್ ಮಾಡಿ ವಿಚಾರಿಸಿದೆ. ಹುಷಾರು ತಪ್ಪಿದವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಚುಕ್ಕೆ. ಆ ಚುಕ್ಕೆಗಳು ಈಗಲೂ ಹಾಗೇ ಇವೆ. ಶಾಮಿಯಾನದಲ್ಲಿ ಕೂತ ಎಂಟರಲ್ಲಿ ಆರಕ್ಕೆ ಚುಕ್ಕೆ. ಸಕಲೇಶಪುರದ ಕಡೆಯಿಂದ ಒಂದು ಟೀಮು ಪಿಕಪ್ ಗಾಡಿಯಲ್ಲಿ ಬಂದಿತ್ತು. ಚಳಿಗೆ ಟಾರ್ಪಾಲ್ ಮುಚ್ಚಿಕೊಂಡು ಹದಿಮೂರು ಜನ. ಅವರಲ್ಲಿ ಒಂಬತ್ತು ಚುಕ್ಕೆ. ಬೈಕಿನಲ್ಲಿ ಬಂದು, ಆಡಿ, ಹಾಗೇ ವಾಪಸ್ ಹೋದ ಟೀಮಿನಲ್ಲಿ ಒಂದೇ ಒಂದು. ಕೆರೆ ಏರಿಯ ಮೇಲೆ ದೂರ ದೂರ ಕೂತು ನೋಡಿದ ನಮ್ಮ ಚಿಕ್ಕಪ್ಪ, ಚಿಕ್ಕಮ್ಮ, ಅಕ್ಕಪಕ್ಕದ ಹೆಂಗಸರು, ಮಕ್ಕಳು, ಯಾರಿಗೂ ಆ ಹದಿನೈದು ದಿನದಲ್ಲಿ ಏನೂ ಆಗಲಿಲ್ಲ.

ಇದು ಸಂಶೋಧನೆ ಅಲ್ಲ. ಟೆಸ್ಟ್ ಮಾಡಿಸಿದವರು ಕಮ್ಮಿ. ಕೆಲವರಿಗೆ ಲಕ್ಷಣವೇ ಇಲ್ಲದೆ ಬಂದು ಹೋಗಿರಬಹುದು. ಏಪ್ರಿಲಿನಲ್ಲಿ ಮನೆಮನೆಗೂ ಬಂತು, ಯಾರಿಗೆ ಎಲ್ಲಿಂದ ಅಂತ ಹೇಗೆ ಹೇಳೋದು? ಆದರೂ ಚುಕ್ಕೆಗಳು ಒಂದೇ ಕಡೆ ಗುಂಪಾಗಿರುವುದನ್ನು ನೋಡಿದರೆ ನನಗಂತೂ ಅನುಮಾನ ಉಳಿದಿಲ್ಲ. ಹುಡುಗ ಹೇಳಿದ್ದರಲ್ಲಿ ನಿಜವಾದ ಅರ್ಧ ಇದು: ಗದ್ದೆ ಬಯಲಿನಲ್ಲಿ ವೈರಾಣು ಗಾಳಿಗೆ ಚದುರಿಹೋಗುತ್ತೆ. ಉಳಿದ ಅರ್ಧ ಅವನ ಕಣ್ಣಿಗೆ ಬಿದ್ದಿಲ್ಲ. ಆಟ ನೋಡೋಕೆ ಹೋಗುವವನು ಬಯಲಿನಲ್ಲಿ ಮಾತ್ರ ಇರುವುದಿಲ್ಲ. ಪಿಕಪ್ಪಿನಲ್ಲಿ ಇರುತ್ತಾನೆ, ಟೀ ಅಂಗಡಿ ಬೆಂಚಿನಲ್ಲಿ ಇರುತ್ತಾನೆ, ಪಲಾವಿನ ಸಾಲಿನಲ್ಲಿ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಂತಿರುತ್ತಾನೆ. ಎಲ್ಲಾ ಕಡೆಯೂ ಕಿರುಚುತ್ತಾನೆ. ಸುಮ್ನೆ ಉಸಿರಾಡುವುದಕ್ಕಿಂತ ಕಿರುಚಿದಾಗ ಬಾಯಿಂದ ಹನಿ ಎಷ್ಟೋ ಪಟ್ಟು ಜಾಸ್ತಿ ಹಾರುತ್ತೆ. ಜ್ವರ ಕಾಣುವ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ದಾಟಬಹುದು. ಹಾಗಾಗಿ "ಎಲ್ಲರೂ ಗಟ್ಟಿಮುಟ್ಟಾಗಿದ್ರು" ಅನ್ನುವ ಮಾತಿಗೆ ಬೆಲೆ ಇಲ್ಲ.

ಸ್ಕೋರರ್ ಬುದ್ಧಿ, ಬೇರೆಯವರ ಲೆಕ್ಕವನ್ನೂ ಹುಡುಕಿ ಓದಿದೆ. ಹೋದ ವರ್ಷ ಜೂನಿನಲ್ಲಿ ಯೂರೋ ಫುಟ್‌ಬಾಲ್ ನಡೆಯಿತಲ್ಲ, ಸ್ಕಾಟ್ಲೆಂಡಿನ ಆರೋಗ್ಯ ಇಲಾಖೆಯವರು ಸೋಂಕಿತರನ್ನು ಕೇಳಿ ಪಟ್ಟಿ ಮಾಡಿದರು. ಸೋಂಕು ದಾಟಿಸಬಲ್ಲ ದಿನಗಳಲ್ಲಿ ಆಟದ ನೆಪದಲ್ಲಿ ಎಲ್ಲಾದರೂ ಸೇರಿದ್ದವರು 1,991 ಜನ. ಅದರಲ್ಲಿ 1,294 ಜನ ಲಂಡನ್ನಿಗೆ ಹೋಗಿದ್ದರು. ವೆಂಬ್ಲಿ ಸ್ಟೇಡಿಯಮ್ಮಿನ ಒಳಗೆ ಕೂತು ಆಟ ನೋಡಿದವರು ಎಷ್ಟು ಗೊತ್ತಾ? 397. ಲಂಡನ್ನಿಗೆ ಹೋದ ಮಿಕ್ಕವರು ಆ ಸ್ಟೇಡಿಯಮ್ಮಿನ ಹೊರಗೇ ಇದ್ದವರು. ಈ ಸಂಖ್ಯೆ ಓದಿದಾಗ ನನಗೆ ನೆನಪಾಗಿದ್ದು ಆ ಪಿಕಪ್ಪಿನ ಟಾರ್ಪಾಲ್.

ಇಟಲಿಯದ್ದು ಇನ್ನೂ ಹಳೆಯ ಕತೆ. 2020ರ ಫೆಬ್ರವರಿ 19ರಂದು ಬೆರ್ಗಾಮೊ ಊರಿನ ಅಟಲಾಂಟಾ ಕ್ಲಬ್ಬಿಗೂ ಸ್ಪೇನಿನ ವೆಲೆನ್ಸಿಯಾ ಕ್ಲಬ್ಬಿಗೂ ಫುಟ್‌ಬಾಲ್ ಮ್ಯಾಚು, ಮಿಲಾನಿನಲ್ಲಿ. ಒಂದು ಲಕ್ಷ ಇಪ್ಪತ್ತು ಸಾವಿರ ಜನ ಇರುವ ಬೆರ್ಗಾಮೊ ಕಡೆಯಿಂದ ಸುಮಾರು ನಲವತ್ತು ಸಾವಿರ ಜನ ಬಸ್ಸು, ರೈಲು ಹತ್ತಿ ಬಂದಿದ್ದರು. ಅವರ ಟೀಮು ನಾಲ್ಕು ಗೋಲು ಹೊಡೆದು ಗೆದ್ದಿತು, ಪ್ರತಿ ಗೋಲಿಗೂ ಜನ ತಬ್ಬಿಕೊಂಡರು. ಒಂದು ತಿಂಗಳಲ್ಲಿ ಆ ಊರಿನ ಶವಗಳನ್ನು ಸೈನ್ಯದ ಲಾರಿಯಲ್ಲಿ ಸಾಗಿಸಬೇಕಾಯಿತು. ಎಲ್ಲಾ ಆ ಒಂದು ಮ್ಯಾಚಿಂದಲೇ ಅಂತ ಹೇಳಿದರೆ ತಪ್ಪಾಗುತ್ತೆ. ಅದಕ್ಕೂ ಮೊದಲೇ ಆ ಭಾಗದಲ್ಲಿ ಸೋಂಕು ಓಡಾಡುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಇದಕ್ಕೆ ಉಲ್ಟಾನೂ ಇದೆ. ಅದೇ ವರ್ಷ ಮಾರ್ಚ್ 8ರಂದು ಮೆಲ್ಬರ್ನಿನಲ್ಲಿ ಮಹಿಳಾ ಟಿ20 ವಿಶ್ವಕಪ್ ಫೈನಲ್, ನಮ್ಮ ಹುಡುಗಿಯರೇ ಆಡಿದ್ದು. ನೋಡಿದವರು 86,174 ಜನ, ಅವರಲ್ಲಿ ಒಬ್ಬರಿಗೆ ಆಮೇಲೆ ಪಾಸಿಟಿವ್ ಬಂತು. ಆದರೂ ಬೆರ್ಗಾಮೊದ ಹಾಗೆ ಏನೂ ಆಗಲಿಲ್ಲ. ಆ ಹೊತ್ತಿಗೆ ಆ ಊರಿನಲ್ಲಿ ಸೋಂಕು ಅಷ್ಟಾಗಿ ಇರಲಿಲ್ಲ. ಜನ ಎಷ್ಟು ಸೇರಿದರು ಅನ್ನುವುದಕ್ಕಿಂತ ಸೇರಿದ ವಾರ ಊರಿನ ಸ್ಥಿತಿ ಹೇಗಿತ್ತು ಅನ್ನುವುದೇ ಜಾಸ್ತಿ ಮುಖ್ಯ ಅನ್ನಿಸುತ್ತೆ. ಈ ವಾರ ನಮ್ಮ ಸ್ಥಿತಿ? ಶನಿವಾರ, ಭಾನುವಾರ ಬೀಗ ಹಾಕಿ ಕೂರಿಸಿದ್ದಾರೆ.

ಊಟ ಆದ ಮೇಲೆ ಹುಡುಗನಿಗೆ ಫೋನ್ ಮಾಡಿದೆ.

"ಒಂದು ತಿಂಗಳು ತಡೀರೋ. ಗದ್ದೆ ಎಲ್ಲಿಗೂ ಓಡಿಹೋಗಲ್ಲ."

"ಬೆಂಗ್ಳೂರಲ್ಲಿ ಪ್ರೊ ಕಬಡ್ಡಿ ನಡೀತಿಲ್ವಾ ಅಣ್ಣ?"

"ಅಲ್ಲಿ ನೋಡೋಕೆ ಒಂದು ನರಪಿಳ್ಳೆ ಇಲ್ಲ. ಆಡೋರನ್ನ ಹೋಟೆಲಿನಿಂದ ಆಚೆ ಬಿಡ್ತಿಲ್ಲ. ನೀನು ಹಾಗೆ ಮಾಡ್ತೀಯಾ?"

ನಕ್ಕ. ಆಮೇಲೆ ಒಂದೊಂದಾಗಿ ಹೇಳಿದೆ. ಶಾಮಿಯಾನಕ್ಕೆ ತಲೆ ಮೇಲೆ ಮಾತ್ರ ಬಟ್ಟೆ, ಪಕ್ಕದ ಪರದೆ ಬೇಡ, ಶೀಟಿಗೆ ಕಲ್ಲು ಇಟ್ಕೊಳ್ಳೋಣ. ಕಾಮೆಂಟರಿಯವನು ಟ್ರ್ಯಾಕ್ಟರ್ ಟ್ರಾಲಿ ಮೇಲೆ ಒಬ್ಬನೇ ಕೂರಲಿ, ಅವನ ಮೈಕು ಅವನಿಗೇ. ಊಟ ಪೊಟ್ಟಣದಲ್ಲಿ ಕೊಡಿ, ಏರಿ ಮೇಲೆ ಕೂತು ತಿನ್ನಲಿ. ಎಲ್ಲದಕ್ಕೂ ಹೂಂ ಅಂದ. ಬಹುಮಾನ ವಿತರಣೆಗೆ ವೇದಿಕೆ ಬೇಡ ಅಂದಾಗ ಮಾತ್ರ ಸುಮ್ಮನಾದ. ಹೋದ ಸಲ ಹದಿನಾರು ಅಡಿ ವೇದಿಕೆ ಮೇಲೆ ನಲವತ್ತು ಗಣ್ಯರಿದ್ದರು. ಟ್ರೋಫಿ ಹಿಡಿಯಲು ಗೆದ್ದ ಟೀಮಿನ ನಾಯಕನಿಗೇ ಜಾಗ ಇರಲಿಲ್ಲ.

"ವೇದಿಕೆ ಇಲ್ದಿದ್ರೆ ಚಂದಾ ಕೊಡಲ್ಲ ಅಣ್ಣ" ಅಂದ ಕೊನೆಗೆ. ಅದೂ ನಿಜವೇ.

ಬರ್ತೀನಿ ಅಂತಲೂ ಹೇಳಲಿಲ್ಲ, ಬರಲ್ಲ ಅಂತಲೂ ಹೇಳಲಿಲ್ಲ. ಕಾಮೆಂಟರಿ ಯಾರದು ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಸಂಜೆ ಐದಕ್ಕೆ ವಾಟ್ಸಾಪಿನಲ್ಲಿ ಫ್ಲೆಕ್ಸಿನ ಡಿಸೈನ್ ಬಂತು. ದಿನಾಂಕದ ಜಾಗ ಖಾಲಿ ಬಿಟ್ಟಿದ್ದಾನೆ. ಮೇಲಿನ ಮೂಲೆಯಲ್ಲಿ ಮೇಷ್ಟ್ರ ಫೋಟೋ, ಅದಕ್ಕೊಂದು ಹಾರ, "ಸ್ಮರಣಾರ್ಥ" ಅಂತ ಬರೆದಿದೆ. ನಡುವೆ ಹನ್ನೆರಡು ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಫೋಟೋ. ಕೆಳಗೆ ಸಣ್ಣ ಅಕ್ಷರದಲ್ಲಿ "ಮಾಸ್ಕ್ ಕಡ್ಡಾಯ". ಅದರ ಕೆಳಗೆ ಸ್ಕೋರರ್ ಅಂತ ನನ್ನ ಹೆಸರು.

ಅಮ್ಮ ಕನ್ನಡಕ ಹಾಕಿಕೊಂಡು ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು. ಮೇಷ್ಟ್ರ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಲು ಹೋಗಿ, ಬರದೆ, ನನ್ನ ಕೈಗೇ ಕೊಟ್ಟರು.

"ನಿನ್ನ ಇನಿಷಿಯಲ್ ತಪ್ಪಾಗಿದೆ ಕಣೋ" ಅಂದರು.