ದೆವ್ವ ಮೈಮೇಲೆ ಬಂದಾಗ ಆಟ ಯಾರ ಕೈಯಲ್ಲಿ? ಮಾಟಗಾತಿ ಪ್ರಾಜೆಕ್ಟ್, ಸದ್ಯದ ವರದಿ

ಕೊನೆಗೂ ದೆವ್ವ ದಾರಿಗೆ ಬಂತು. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ದಾಳ ಎಸೆದು ಪಾತ್ರಗಳಾಗಿ ಆಡುವ ಟೇಬಲ್ ಆಟ) ಆಟದಲ್ಲಿ ವಾರ್‌ಲಾಕ್ ಅಂತ ಒಂದು ಮಾಂತ್ರಿಕ ಕ್ಲಾಸ್ ಇದೆ, ಅಂದರೆ ಪಾತ್ರದ ಬಗೆ. ಅದಕ್ಕೆ ನಾನು ಕಟ್ಟುತ್ತಿರುವ ಹೊಸ ಕವಲು, ಅಂದರೆ ಸಬ್‌ಕ್ಲಾಸ್, ಈ ಮಾಟಗಾತಿ. ಲೆವೆಲ್ ಏರಿದ ಹಾಗೆ ಪಾತ್ರಕ್ಕೆ ಸಿಗುವ ಶಕ್ತಿಯೇ ಫೀಚರ್. ಮಳೆಗಾಲ ಶುರುವಾದಾಗಿನಿಂದ ಪ್ರಾಣ ತಿನ್ನುತ್ತಿದ್ದ ಒಂದನೇ ಲೆವೆಲ್ಲಿನ ಫೀಚರ್ ಹೋದ ಭಾನುವಾರದ ಆಟದಲ್ಲಿ ನೆಟ್ಟಗೆ ಕೆಲಸ ಮಾಡಿತು. ಈ ವರದಿ ಪೂರ್ತಿ ಅದರ ಬಗ್ಗೆಯೇ. ಮಂತ್ರಗಳ ಪಟ್ಟಿ, ಆರನೇ ಲೆವೆಲ್ಲಿನ ರಕ್ಷಣೆ, ಹದಿನಾಲ್ಕರ ದೊಡ್ಡ ಹೊಡೆತ ಎಲ್ಲ ವಾರ್‌ಲಾಕ್ ಸಬ್‌ಕ್ಲಾಸ್ ಕಟ್ಟಿದವರಿಗೆ ಗೊತ್ತಿರುವ ಕೆಲಸ. ಅದನ್ನು ಹೇಳಿ ತಲೆ ತಿನ್ನುವುದಿಲ್ಲ.

ನಾವು ಆಡುವುದು ಡಿ ಅಂಡ್ ಡಿ ಐದನೇ ಆವೃತ್ತಿ, 2014ರ ನಿಯಮ. 2024ರ ನಿಯಮದಲ್ಲಿ ವಾರ್‌ಲಾಕ್ ಸಬ್‌ಕ್ಲಾಸ್ ಮೂರನೇ ಲೆವೆಲ್ಲಿಗೆ ಹೋಗಿದೆ. ನನಗೆ ಅದು ಹಿಡಿಸಲಿಲ್ಲ. ಗಾಳಿ ಸೋಕಿದವಳ ಕಥೆ ಸೋಕಿದ ದಿನವೇ ಶುರುವಾಗಬೇಕು. ಮೂರನೇ ಲೆವೆಲ್ಲಿನ ತನಕ ದೆವ್ವ ಎಲ್ಲಿ ಕಾಯುತ್ತೆ, ಹಾಸನದ ಬಸ್ ಸ್ಟ್ಯಾಂಡಿನಲ್ಲಾ? ಪಾತ್‌ಫೈಂಡರ್ ಅನ್ನುವ ಇದೇ ಥರದ ಇನ್ನೊಂದು ಆಟದಲ್ಲಿ ವಿಚ್ ಅಂತಲೇ ಒಂದು ಕ್ಲಾಸ್ ಇದೆ, ನಮ್ಮಲ್ಲಿಲ್ಲ. ಇದ್ದುದರಲ್ಲಿ ವಾರ್‌ಲಾಕೇ ಹತ್ತಿರ, ಯಾಕೆಂದರೆ ಅವನ ಶಕ್ತಿ ಹೇಗಿದ್ದರೂ ಬೇರೆಯವರದು.

ಶಕ್ತಿ ಕೊಡುವವಳು ಯಾರು ಅನ್ನುವಲ್ಲಿ ಒಂದು ನಿರ್ಧಾರ ಮೊದಲೇ ಮಾಡಿದ್ದೆ. ಚೌಡಿ, ಪಂಜುರ್ಲಿ ಅಂತ ನಮ್ಮ ಜನ ಇವತ್ತಿಗೂ ಕೈಮುಗಿಯುವ ಹೆಸರುಗಳು ಬೇಡ. ಸಕಲೇಶಪುರದ ಕಡೆಯಿಂದ ಆಟಕ್ಕೆ ಬರುವ ಗೆಳೆಯನ ತೋಟದಲ್ಲೇ ಚೌಡಿಯ ಕಲ್ಲಿದೆ. ಅದಕ್ಕೆ ಹಿಟ್ ಪಾಯಿಂಟ್ (ಎಷ್ಟು ಏಟಿಗೆ ಸಾಯುತ್ತೆ ಅನ್ನುವ ಅಂಕೆ) ಬರೆದು ಅವನ ಮನೆಯಲ್ಲಿ ಊಟಕ್ಕೆ ಕೂರೋಕಾಗುತ್ತಾ? ಹಾಗಾಗಿ ನಾನೇ ಒಬ್ಬಳನ್ನು ಹುಟ್ಟಿಸಿದೆ, ಅಂದರೆ ಸಾಯಿಸಿದೆ: ಕೆರೆ ಏರಿಯ ಮೇಲೆ ಕಾಯುವ ಹೆಂಗಸು. ಮದುವೆಗೆ ಮುಂಚೆ ನೀರುಪಾಲಾದವಳು. ಅವಳಿಗೆ ಬೇಕಿರುವುದು ಹಸಿರು ಬಳೆ. ಅಷ್ಟೇ.

ಈಗ ಸಮಸ್ಯೆ. ದೆವ್ವ ಮೈಮೇಲೆ ಬರಬೇಕು. ಬಂದಾಗ ಟೇಬಲ್ಲಿನಲ್ಲಿ ಇರುವವರಿಗೆಲ್ಲ ಬಂತು ಅಂತ ಅನ್ನಿಸಬೇಕು. ಆದರೆ ಬಂದ ತಕ್ಷಣ ಆಟಗಾರ್ತಿಯ ಪಾತ್ರ ಆಟ ನಡೆಸುವ ಡಿಎಂ ಕೈಗೆ ಹೋದರೆ ಅವಳು ಏನು ಮಾಡಬೇಕು? ಫೋನ್ ನೋಡುತ್ತಾಳೆ. ಪಾಪ, ತಪ್ಪೇನಿಲ್ಲ.

ಮೊದಲ ರೂಪದಲ್ಲಿ ದೆವ್ವಕ್ಕೆ ಪ್ರತ್ಯೇಕ ಸರದಿ ಕೊಟ್ಟಿದ್ದೆ. ಅದು ನಾಯಿ ಸಾಕಿದ ರೇಂಜರ್ (ಕಾಡು ಸುತ್ತುವ ಬೇಟೆಗಾರನ ಪಾತ್ರ) ಆಯಿತು, ನಾಯಿಗೆ ಸೀರೆ ಉಡಿಸಿದ್ದೊಂದೇ ವ್ಯತ್ಯಾಸ. ಕಾಳಗ ಎಳೆದಾಡಿತು, ಭಯ ಯಾರಿಗೂ ಆಗಲಿಲ್ಲ.

ಆಮೇಲೆ ವೈಲ್ಡ್ ಮ್ಯಾಜಿಕ್ ದಾರಿ. ಪ್ರತಿ ಮಂತ್ರಕ್ಕೂ ಒಂದು ಡಿ20 (ಇಪ್ಪತ್ತು ಮುಖದ ದಾಳ; ಡಿ4, ಡಿ6 ಎಲ್ಲ ಇದೇ ಲೆಕ್ಕ), ಒಂದು ಬಿದ್ದರೆ ದೆವ್ವ. ಕಾಗದದ ಮೇಲೆ ಚೆನ್ನಾಗಿತ್ತು. ಲೆಕ್ಕ ಹಾಕಿ ನೋಡಿ: ಎರಡರಿಂದ ಹತ್ತನೇ ಲೆವೆಲ್ಲಿನ ತನಕ ವಾರ್‌ಲಾಕ್‌ಗೆ ಇರುವುದು ಎರಡೇ ಸ್ಲಾಟ್, ಅಂದರೆ ಎರಡು ಮಂತ್ರಕ್ಕೆ ಆಗುವಷ್ಟು ಶಕ್ತಿ. ಅದನ್ನು ಮತ್ತೆ ತುಂಬಿಸುವ ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ) ದಿನಕ್ಕೆ ಎರಡು ಸಿಕ್ಕರೂ ಒಟ್ಟು ಆರು ಮಂತ್ರ. ಆರರಲ್ಲಿ ಒಂದಾದರೂ ಒಂದು ಬೀಳುವ ಸಾಧ್ಯತೆ ನೂರಕ್ಕೆ 26 ಚಿಲ್ಲರೆ. ಅಂದರೆ ನಾಲ್ಕರಲ್ಲಿ ಮೂರು ದಿನ ದೆವ್ವಕ್ಕೆ ರಜೆ. ಸ್ಲಾಟ್ ಬೇಡದೆ ಎಷ್ಟು ಸಲವಾದರೂ ಹಾಕುವ ಎಲ್ಡ್ರಿಚ್ ಬ್ಲಾಸ್ಟ್ ಮಂತ್ರಕ್ಕೂ ದಾಳ ಹಾಕಿಸೋಣವೇ? ಆಗ ಪ್ರತಿ ಸುತ್ತಿನಲ್ಲೂ ದಾಳ ಹಾಕುವುದೇ ಕಸುಬು. ದೆವ್ವ ಬಂದಾಗ ಆಟಗಾರ್ತಿ ಸುಮ್ನೆ ಕೂರುವ ತಾಪತ್ರಯ ಹೇಗೂ ಹಾಗೇ ಉಳಿಯಿತು.

ಅಲ್ಲಿಂದ ಮುಂದೆ ಸಾಲದ ಯೋಚನೆ ಬಂತು. ಬರೋದು ಬಿಡೋದು ದಾಳದ ಕೈಯಲ್ಲಿ ಯಾಕೆ? ಅವಳೇ ಕರೆಯಲಿ. ದಾಳ ಎಸೆದು, ಅಂಕೆ ನೋಡಿ, ಸಾಲದು ಅನ್ನಿಸಿದರೆ ದೆವ್ವವನ್ನು ಕೂಗಿ ಒಂದು ಡಿ4 ಸೇರಿಸಿಕೊಳ್ಳಲಿ. ಮುಂದಿನ ಸಲ ಡಿ6, ಆಮೇಲೆ ಡಿ8, ಹೀಗೆ ಡಿ12ರ ತನಕ. ಮೀಟರ್ ಬಡ್ಡಿ ಇದ್ದ ಹಾಗೆ, ಪ್ರತಿ ಸಲವೂ ದೊಡ್ಡದಾಗುತ್ತಾ ಹೋಗಬೇಕು. ದಾಳದಲ್ಲಿ ಒಂದು ಬಿದ್ದರೆ ದೆವ್ವ ಮೈಮೇಲೆ.

ಇಲ್ಲಿ ಗಣಿತ ಕೈಕೊಟ್ಟಿತು. ಡಿ4ರಲ್ಲಿ ಒಂದು ಬೀಳುವುದು ನೂರಕ್ಕೆ 25, ಡಿ12ರಲ್ಲಿ ಬರೀ 8. ಸಾಲ ಏರಿದಷ್ಟೂ ಲಾಭ ಜಾಸ್ತಿ, ಅಪಾಯ ಕಡಿಮೆ! ಯಾವ ದೆವ್ವ ಇಂಥ ಸ್ಕೀಮ್ ಕೊಡುತ್ತೆ? ತಿರುವುಮುರುವು ಮಾಡಿ ಡಿ12ರಿಂದ ಇಳಿಸುತ್ತಾ ಬಂದರೆ ಅಪಾಯ ಸರಿಹೋಗುತ್ತೆ, ಆದರೆ ದೆವ್ವ ದಿನ ಕಳೆದಂತೆ ಸೊರಗುತ್ತೆ.

ಉತ್ತರ ಸಿಕ್ಕಿದ್ದು ಒಂದನ್ನು ಬಿಟ್ಟು ದೊಡ್ಡ ಅಂಕೆಯನ್ನು ಹಿಡಿದಾಗ. ದೆವ್ವದ ದಾಳದಲ್ಲಿ ಬಿದ್ದ ಅಂಕೆ ಅವಳ ವ್ಯಕ್ತಿತ್ವದ ಬಲ ತೋರಿಸುವ ಅಂಕೆಗಿಂತ, ಅಂದರೆ ಕರಿಸ್ಮಾ ಮಾಡಿಫೈಯರ್‌ಗಿಂತ ಜಾಸ್ತಿಯಾದರೆ ದೆವ್ವ ಮೈಮೇಲೆ ಬರುತ್ತೆ. ಐದನೇ ಲೆವೆಲ್ಲಿನ ನಮ್ಮ ಮಾಟಗಾತಿಗೆ ಅದು ನಾಲ್ಕು. ಅಂದರೆ ಡಿ4ರಲ್ಲಿ ಬರುವುದೇ ಇಲ್ಲ. ಡಿ6ರಲ್ಲಿ ನೂರಕ್ಕೆ 33, ಡಿ8ರಲ್ಲಿ 50, ಡಿ10ರಲ್ಲಿ 60, ಡಿ12ರಲ್ಲಿ 67ರ ಹತ್ತಿರ. ಒಂದನೇ ಲೆವೆಲ್ಲಿನಲ್ಲಿ ಮಾಡಿಫೈಯರ್ ಮೂರಾದರೆ ಡಿ4ರಲ್ಲೂ ನೂರಕ್ಕೆ 25. ಮಾಡಿಫೈಯರ್ ಐದಾದಾಗ ಡಿ6ರ ಕಾಟ 17ಕ್ಕೆ ಇಳಿಯುತ್ತೆ, ಹುಡುಗಿ ಪಳಗಿದ್ದಾಳೆ ಅಂತ ಲೆಕ್ಕ. ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಬೇರೆ. ಯಾವ ದೊಡ್ಡ ಅಂಕೆಗೆ ಆಟಗಾರ್ತಿ ಬೇಡಿಕೊಳ್ಳುತ್ತಾಳೋ ಅದೇ ಅಂಕೆ ದೆವ್ವವನ್ನು ಕರೆತರುತ್ತೆ. ಡಿ12ರ ಸರಾಸರಿ 6.5. ಡಿ20 ಆಟದಲ್ಲಿ ಪ್ರತಿ ಒಂದು ಅಂಕೆ ನೂರಕ್ಕೆ ಐದು, ಅಂದರೆ ಇದು ಭಾರಿ ಆಸೆ.

ಇಷ್ಟಾದರೂ ಹಳೇ ಮುಳ್ಳು ಉಳಿದೇ ಇತ್ತು. ದೆವ್ವ ಬಂದ ಮೇಲೆ ಏನು? ಇದಕ್ಕೆ ಉತ್ತರ ಕೊಟ್ಟಿದ್ದು ನಮ್ಮ ಕ್ಲೆರಿಕ್ (ಪೂಜಾರಿಯ ಪಾತ್ರ), ಅಂದರೆ ಅದನ್ನು ಆಡುವ ನನ್ನ ಅತ್ತಿಗೆ. ಮೂಡಿಗೆರೆ ಕಡೆಯವರು. ನಿಯಮ ಓದಿ ಹೇಳುತ್ತಿದ್ದೆ, ಅವರು ಅವರೆಕಾಳು ಬಿಡಿಸುತ್ತಾ ಕೇಳುತ್ತಿದ್ದರು.

"ಅಲ್ಲ ಕಣೋ, ಮೈಮೇಲೆ ಬಂದಾಗ ಸುತ್ತ ಇರೋರು ಸುಮ್ನೆ ಕೂರ್ತಾರಾ? ಯಾರು ನೀನು, ಯಾಕೆ ಬಂದೆ, ಏನು ಬೇಕು ಅಂತ ಕೇಳಲ್ವಾ?"

"ಅತ್ತಿಗೆ, ಅದಕ್ಕೆ ಆಕ್ಷನ್ ಖರ್ಚಾಗುತ್ತೆ, ಅಂದರೆ ಆ ಸರದಿಯ ಮುಖ್ಯ ಕೆಲಸವೇ ಹೋಯ್ತು."

"ಆಗಲಿ. ಕೇಳೋಕೆ ಬಾಯಿ ಇದ್ದರೆ ಸಾಕು. ಒಂದು ಹರಕೆ ಹೇಳಿಕೊಂಡರೆ ಹೋಗುತ್ತೆ ಅದು."

ಅವರು ಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ನಾನು ಪುಟಗಟ್ಟಲೆ ಬರೆದಿದ್ದನ್ನು ಹೊಡೆದು ಹಾಕಿದೆ.

ಈಗಿನ ನಿಯಮ ಹೀಗಿದೆ. ದೆವ್ವ ಬಂದಾಗ ಜೊತೆಗಾರರಲ್ಲಿ ಯಾರಾದರೂ ತಮ್ಮ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ಚಿಕ್ಕ ಕೆಲಸ) ಖರ್ಚು ಮಾಡಿ "ಏನು ಬೇಕು?" ಅಂತ ಕೇಳಬಹುದು. ಆಕ್ಷನ್ ಕಿತ್ತುಕೊಂಡರೆ ಯಾರೂ ಕೇಳುವುದಿಲ್ಲ, ಅದಕ್ಕೇ ರಿಯಾಕ್ಷನ್. ದೆವ್ವದ ಬಾಯಲ್ಲಿ ಉತ್ತರ ಕೊಡುವವಳು ಆಟಗಾರ್ತಿಯೇ, ಡಿಎಂ ಅಲ್ಲ. ಕೇಳಿದವರು ಹರಕೆ ಹೇಳಿಕೊಂಡರೆ ದೆವ್ವ ಅಲ್ಲೇ ಇಳಿಯುತ್ತೆ. ಹರಕೆ ತೀರಿಸಿದ ದಿನ ದಾಳ ಡಿ4ಕ್ಕೆ ವಾಪಸ್. ತೀರಿಸದಿದ್ದರೆ ಏರಿದ ದಾಳ ಏರಿದಲ್ಲೇ. ಯಾರೂ ಕೇಳದಿದ್ದರೆ ಮುಂದಿನ ಸರದಿಯಲ್ಲಿ ಅವಳಿಗೆ ಎರಡು ದಾರಿ. ದೆವ್ವದ ಆಸೆಗೆ ತನ್ನ ಆಕ್ಷನ್ ಕೊಟ್ಟು ದಾಳ ಇಳಿಸಿಕೊಳ್ಳುವುದು, ಇಲ್ಲವೇ ಹಲ್ಲು ಕಚ್ಚಿ ತಡೆದು ಆ ಸರದಿ ಪೂರ್ತಿ ಎರಡು ದಾಳ ಎಸೆದು ಚಿಕ್ಕ ಅಂಕೆ ಹಿಡಿಯುವ ಡಿಸ್‌ಅಡ್ವಾಂಟೇಜಿನಲ್ಲಿ ಹೊಡೆಯುವುದು. ಎರಡರಲ್ಲೂ ಆಟ ಅವಳ ಕೈಯಲ್ಲೇ ಇದೆ.

ಭಾನುವಾರ ಇದು ನಡೆದ ರೀತಿ ಹೇಳಲೇಬೇಕು. ನೋಟದಿಂದಲೇ ಕಲ್ಲಾಗಿಸುವ ಬ್ಯಾಸಿಲಿಸ್ಕ್ ಕಣ್ಣುಬಿಟ್ಟಿತು. ತಪ್ಪಿಸಿಕೊಳ್ಳಲು ಒಟ್ಟು 12 ಆದರೂ ಬೇಕು, ಅಂದರೆ ಡಿಸಿ 12ರ ಕಾನ್‌ಸ್ಟಿಟ್ಯೂಷನ್ ಸೇವ್. ಮಾಟಗಾತಿಗೆ ಬಿದ್ದಿದ್ದು ಐದು, ಅವಳ ಎರಡು ಸೇರಿ ಏಳು. ಕಲ್ಲಾಗೋದು ಗ್ಯಾರಂಟಿ ಅನ್ನುವಾಗ ಅವಳು ಕೂಗಿದಳು. ಸಾಲ ಆಗ ಡಿ8ರಲ್ಲಿತ್ತು. ಬಿತ್ತು ಆರು. ಒಟ್ಟು 13, ಬಚಾವ್. ಆರು ನಾಲ್ಕಕ್ಕಿಂತ ಜಾಸ್ತಿ, ದೆವ್ವವೂ ಹಾಜರ್. ಆಟಗಾರ್ತಿ ಜಡೆ ಬಿಚ್ಚಿ ತಲೆ ಬಗ್ಗಿಸಿ ಕೂತಳು, ಮಾತಿಲ್ಲ. ಡ್ವಾರ್ಫ್ ಫೈಟರ್ ಆಡುವ ನಮ್ಮ ಸಕಲೇಶಪುರದ ಮಹಾಶಯ ಚಿಪ್ಸ್ ಕೆಳಗಿಟ್ಟು, "ಯಾರಮ್ಮಾ ನೀನು, ಏನು ಬೇಕು ತಾಯಿ?" ಅಂದ. "ಹಸಿರು ಬಳೆ. ಒಂದೂ ಒಡೆದಿರಬಾರದು." ಮಾತು ಕೊಟ್ಟ. ಕೆಳಗೆ ಇನ್ನೆರಡು ಮಹಡಿ ಡಂಜನ್ ಬಾಕಿ ಇದೆ, ಅಲ್ಲಿ ಬಳೆಗಾರ ಸಿಗುವ ಯಾವ ಲಕ್ಷಣವೂ ಇಲ್ಲ. ಒಂದು ಗಂಟೆ ಎಲ್ಲರೂ ನಿಧಿ ಬಿಟ್ಟು ಬಳೆ ಹುಡುಕಿದರು.

ಇನ್ನು ಗೋಳು. ದೆವ್ವಕ್ಕೆಂದೇ ಹಸಿರು ದಾಳದ ಸೆಟ್ ಆನ್‌ಲೈನಿನಲ್ಲಿ ತರಿಸಿದ್ದೆ. ಡಿ12 ಬದಲು ಎರಡು ಡಿ8 ಬಂದಿವೆ. ಮಾರಿದವರಿಗೆ ಫೋಟೊ ಕಳಿಸಿದರೆ "ಎಣಿಸಿದರೆ ಏಳು ಇದೆಯಲ್ಲ ಸರ್" ಅನ್ನುವ ಉತ್ತರ. ಕ್ಯಾರೆಕ್ಟರ್ ಹಾಳೆ ಕನ್ನಡದಲ್ಲೇ ಇರಲಿ ಅಂತ ಡಿಟಿಪಿ ಅಂಗಡಿಗೆ ಕೊಟ್ಟರೆ ಅಲ್ಲಿನ ಹಳೇ ಸಾಫ್ಟ್‌ವೇರಿಗೆ ಯೂನಿಕೋಡ್ ಕಂಡರೆ ಆಗುವುದಿಲ್ಲ. "ದೆವ್ವ" ಹೋಗಿ "ದೆವ್‌ವ", "ಮಂತ್ರ" ಹೋಗಿ "ಮಂತ್‌ರ". ಒತ್ತಕ್ಷರ ಎಲ್ಲ ಕಳಚಿ ಪಕ್ಕಕ್ಕೆ ಬಿದ್ದಿವೆ. ಅಂಗಡಿಯವನು ಸಮಾಧಾನವಾಗಿ "ಓದೋಕಾಗುತ್ತಲ್ಲ ಬಿಡಿ" ಅಂದ. ಈಗ ಪಿಡಿಎಫ್ ಮಾಡಿಕೊಂಡೇ ಹೋಗುತ್ತೇನೆ.

ಹಾಳೆ ಕಾಯುತ್ತಾ ಅಂಗಡಿಯಲ್ಲಿ ಕೂತಾಗ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ: ಶೆಟ್ಟಿಹಳ್ಳಿಯ ಮುಳುಗುವ ಚರ್ಚ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನ ಹೇಮಾವತಿ ಜಲಾಶಯ ಬಂದ ಮೇಲೆ ಹಿನ್ನೀರಿಗೆ ಸಿಕ್ಕಿ ಖಾಲಿಯಾಯಿತು. ಬೇಸಿಗೆಯಲ್ಲಿ ಒಳಗೆ ನಡೆದುಹೋಗಬಹುದು, ನೀರು ತುಂಬಿದಾಗ ಕಮಾನು, ಗೋಡೆಗಳು ನೀರಿನಲ್ಲಿ ನಿಂತಿರುತ್ತವೆ. ಒಂದೇ ನಕ್ಷೆ, ಮೂರು ನೀರಿನ ಮಟ್ಟ. ಪ್ರತಿ ಲಾಂಗ್ ರೆಸ್ಟಿಗೂ ನೀರು ಡಿ4 ಅಡಿ ಏರುತ್ತೆ. ನಿದ್ದೆ ಮಾಡಿದರೆ ಬಾಗಿಲು ಹೋಯಿತು! ನಕ್ಷೆಯ ಮೊದಲ ಹಾಳೆ ಗೀಚಿಯೂ ಆಗಿದೆ. ಮಾಟಗಾತಿ ಮುಗಿಸದೆ ಮುಟ್ಟಬಾರದು ಅಂತ ಅತ್ತಿಗೆ ಆ ಹಾಳೆ ಕಿತ್ತಿಟ್ಟುಕೊಂಡಿದ್ದಾರೆ.

ಮಾಟಗಾತಿಯಲ್ಲಿ ಬಾಕಿ ಇರುವ ತೂತುಗಳು ಎರಡು. ಒಂದು ಕಾಫಿಲಾಕ್. ಸಾರ್ಸರರ್ ಅನ್ನುವ ಇನ್ನೊಂದು ಮಾಂತ್ರಿಕ ಕ್ಲಾಸ್ ಜೊತೆ ಬೆರೆಸಿ (ಮಲ್ಟಿಕ್ಲಾಸ್ ಮಾಡಿ), ಶಾರ್ಟ್ ರೆಸ್ಟಿನ ಸ್ಲಾಟುಗಳನ್ನು ಪಾಯಿಂಟು ಮಾಡಿ, ರಾತ್ರಿ ಮಲಗದೆ ಸ್ಲಾಟ್ ಗುಡ್ಡೆ ಹಾಕುವ ಆಟ ಇದೆಯಲ್ಲ, ನಮ್ಮ ಸಕಲೇಶಪುರದ ಕಾಫಿ ತೋಟದ ಹುಡುಗ ಅದನ್ನು ಕೇಳದೆ ಇರುತ್ತಾನಾ? ದೆವ್ವದ ದಾಳವನ್ನು ಯಾವ ರೆಸ್ಟಿಗೂ ಕಟ್ಟಿಲ್ಲ, ಹರಕೆಗೆ, ಇಲ್ಲವೇ ದೆವ್ವದ ಆಸೆಗೆ ಕೊಟ್ಟ ಆಕ್ಷನ್ನಿಗೆ ಮಾತ್ರ ಕಟ್ಟಿದ್ದೇನೆ. ಎಷ್ಟು ರಾತ್ರಿ ಎದ್ದಿದ್ದರೂ ದಾಳ ಇಳಿಯುವುದಿಲ್ಲ. ಈ ತೂತು ಮುಚ್ಚಿತು ಅನ್ನಿಸುತ್ತೆ.

ಇನ್ನೊಂದು ನಮ್ಮ ರೋಗ್, ಅಂದರೆ ಕಳ್ಳನ ಪಾತ್ರ ಆಡುವವನು. ಹರಕೆಯಲ್ಲೂ ಚೌಕಾಸಿ ಮಾಡುತ್ತಾನೆ. "ಎರಡು ಬಾಳೆಹಣ್ಣು ಕೊಡ್ತೀನಿ, ಇಳಿ" ಅಂತಾನೆ. ಹಾಗಾಗಿ ದಾಳಕ್ಕೆ ತಕ್ಕ ಹರಕೆ ಅಂತ ಬರೆದಿದ್ದೇನೆ. ಡಿ6ಕ್ಕೆ ಚೀಲದಲ್ಲಿ ಇರುವ ವಸ್ತು ಸಾಕು. ಡಿ8ಕ್ಕೆ ಹುಡುಕಿ ತರಬೇಕು. ಡಿ10ಕ್ಕೆ ಒಂದು ಮ್ಯಾಜಿಕ್ ಐಟಮ್ ಹೋಗಬೇಕು. ಡಿ12ಕ್ಕೆ ಹರಕೆ ಹೊತ್ತವರು ತಮ್ಮ ಪಾತ್ರದ ಒಂದು ಗುಟ್ಟು ಬಿಟ್ಟುಕೊಡಬೇಕು, ಟೇಬಲ್ಲಿನಲ್ಲಿ ಎಲ್ಲರೆದುರು. ರೋಗ್ ಇದಕ್ಕೆ ತಕರಾರು ತೆಗೆದಿದ್ದಾನೆ. ಅವನ ತಕರಾರು ನೋಡಿದರೆ ನಿಯಮ ಸರಿಯಾಗೇ ಇರಬೇಕು.

ಹತ್ತನೇ ಲೆವೆಲ್ ಇನ್ನೂ ಖಾಲಿ. ದೆವ್ವವನ್ನು ಬೇರೆಯವರ ಮೈಮೇಲೆ ಬಿಡುವ ಫೀಚರ್ ಬರೆಯಬೇಕೆಂದಿದ್ದೇನೆ. ಆಗ ಶತ್ರುವೂ ಏನು ಬೇಕು ಅಂತ ಕೇಳಬಹುದಾ, ಕೇಳಿದರೆ ಅವನ ಹರಕೆ ಯಾರು ತೀರಿಸುತ್ತಾರೆ ಅನ್ನುವುದು ಮುಂದಿನ ವಾರದ ಜಗಳ.