ಪಾದ್ರಿಯ ಪಟ್ಟಿ ಹಿಡಿದು ಕ್ಯೂಶು ಸುತ್ತಿದ್ದು

ಜಪಾನಿಗೆ ಹೋದವರು ಟೋಕಿಯೊ, ಕ್ಯೋಟೊ ನೋಡಿಕೊಂಡು ಬರೋದೇ ಜಾಸ್ತಿ. ನಾನು ಐದು ದಿನ ಪೂರ್ತಿ ದಕ್ಷಿಣದ ಕ್ಯೂಶು ದ್ವೀಪಕ್ಕೇ ಇಟ್ಟೆ. ಅದಕ್ಕೆ ಕಾರಣ ಲೂಯಿಸ್ ಫ್ರೊಯಿಸ್. ಲಿಸ್ಬನ್ನಿನ ಈ ಜೆಸ್ಯೂಟ್ ಪಾದ್ರಿ 1548ರಲ್ಲಿ ನಮ್ಮ ಪಕ್ಕದ ಗೋವಾಕ್ಕೆ ಬಂದು, 1563ರಲ್ಲಿ ಜಪಾನಿಗೆ ಹೋಗಿ, 1597ರಲ್ಲಿ ನಾಗಸಾಕಿಯಲ್ಲೇ ತೀರಿಕೊಂಡ. 'ನಾವು ಹೀಗೆ, ಅವರು ಹಾಗೆ' ಅಂತ ಯುರೋಪನ್ನೂ ಜಪಾನನ್ನೂ ಹೋಲಿಸಿ 1585ರಲ್ಲಿ ಆರುನೂರಕ್ಕೂ ಹೆಚ್ಚು ಪುಟ್ಟ ಟಿಪ್ಪಣಿ ಬರೆದಿಟ್ಟ. ಅದರ ಕೆಲವು ಪುಟಗಳನ್ನು ಪ್ರಿಂಟ್ ಹಾಕಿಸಿ ಬ್ಯಾಗಿಗೆ ಹಾಕಿಕೊಂಡಿದ್ದೆ. ನೀವೂ ಹಾಗೇ ಮಾಡಿ.

ಫುಕುವೊಕಾ ನಗರದ ಹಕಾತಾ ಸ್ಟೇಷನ್ನಿನಿಂದ ನಾಗಸಾಕಿಗೆ ಸುಮಾರು ಒಂದೂವರೆ ಗಂಟೆ. ನೇರ ರೈಲು ಅಂದುಕೊಳ್ಳಬೇಡಿ. ತಕೆಒ ಒನ್ಸೆನ್‌ನಲ್ಲಿ ಇಳಿದು, ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಯಲ್ಲಿ ನಿಂತಿರುವ ಶಿಂಕಾನ್ಸೆನ್ (ಬುಲೆಟ್ ರೈಲು) ಹತ್ತಬೇಕು. ನಾಗಸಾಕಿ ಸ್ಟೇಷನ್ನಿನಿಂದ ನಿಶಿಜಾಕಾ ಗುಡ್ಡಕ್ಕೆ ನಡೆದೇ ಹೋಗಬಹುದು. 1597ರ ಫೆಬ್ರವರಿ 5ರಂದು 26 ಕ್ರೈಸ್ತರನ್ನು ಶಿಲುಬೆಗೇರಿಸಿದ ಜಾಗ ಅದು. ಫ್ರೊಯಿಸ್ ಸಾಯುವ ಕೆಲವೇ ತಿಂಗಳ ಮೊದಲು ಬರೆದ ವರದಿ ಇದರದ್ದೇ. ಅಲ್ಲಿನ ಮ್ಯೂಸಿಯಂಗೆ ಎರಡು ಗಂಟೆ ಇಟ್ಟುಕೊಳ್ಳಿ, ಅರ್ಧ ಗಂಟೆ ಸಾಲದು.

ಊಟದ ವಿಷಯ. ಸಸ್ಯಾಹಾರಿಗಳೇ, ನೋಡೋಕೆ ಬರೀ ತರಕಾರಿ ಅನ್ನಿಸುವ ಸಾರಿನಲ್ಲೂ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ. ಪೋರ್ಚುಗೀಸರಿಂದ ಬಂದ ಕಸ್ತೆಲಾ ಕೇಕಿನಲ್ಲಿ ಮೊಟ್ಟೆ ಧಾರಾಳ, ಆದರೆ ಸಾಂಪ್ರದಾಯಿಕ ಪಾಕದಲ್ಲಿ ಬೆಣ್ಣೆ ಇಲ್ಲ. ಹಾಲು, ಬೆಣ್ಣೆ, ಚೀಸ್ ಅಂದರೆ ಜಪಾನಿನವರಿಗೆ ನಾತ ಅಂತ ಫ್ರೊಯಿಸ್ ಬರೆದದ್ದು ನೆನಪಾಯಿತು. ಈಗ ಅದೇ ಊರಲ್ಲಿ ಐಸ್‌ಕ್ರೀಮಿಗೆ ಕ್ಯೂ!

ಅವನು ಆ ಪಟ್ಟಿ ಬರೆದದ್ದು ಶಿಮಾಬಾರಾ ಪರ್ಯಾಯದ್ವೀಪದ ಕಜುಸಾದಲ್ಲಿ. ಇಲ್ಲೇ ನಾನು ಎಡವಿದ್ದು. ಯಾವುದೋ ಹಳೇ ಮ್ಯಾಪ್ ನಂಬಿ ರೈಲಿನಲ್ಲಿ ಹೊರಟೆ. ಆ ಮಾರ್ಗದ ದಕ್ಷಿಣ ಭಾಗ 2008ರಲ್ಲೇ ಮುಚ್ಚಿದೆ. ಅರ್ಧ ದಿನ ಹೋಯಿತು. ನೀವು ಇಸಾಹಯಾದಿಂದ ಒಬಾಮಾ ಅನ್ನೋ ಊರಿನ ಕಡೆಯ ಬಸ್ ಹಿಡಿಯಿರಿ. ಬಸ್ಸುಗಳು ಕಡಿಮೆ, ವಾಪಸ್ ಬರುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ಫೋಟೊ ತೆಗೆದುಕೊಳ್ಳಿ. ನಡುವೆ ಒಬಾಮಾದಲ್ಲಿ ಕಡಲಿಗೆ ಮುಖ ಮಾಡಿ 105 ಮೀಟರ್ ಉದ್ದದ ಬಿಸಿನೀರಿನ ಕಾಲುವೆ ಇದೆ. ಪುಕ್ಕಟೆ. ಕಾಲು ಇಳಿಬಿಟ್ಟು ಕೂತರೆ ಏಳೋಕೇ ಮನಸ್ಸಾಗಲ್ಲ.

ಕಜುಸಾದಲ್ಲಿ ನೋಡೋಕೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕಡಲು, ಮರಳು, ನಿಶ್ಶಬ್ದವಾದ ಮನೆಗಳು. ನನಗೆ ಅದೇ ಇಷ್ಟವಾಯಿತು. ದಂಡೆಯಲ್ಲಿ ಕೂತು ಪಟ್ಟಿ ಓದಿದೆ. ನಾವು (ಅಂದರೆ ಯುರೋಪಿನವರು) ಕುದುರೆಗೆ ಎಡಗಾಲಿಟ್ಟು ಹತ್ತುತ್ತೇವೆ, ಅವರು ಬಲಗಾಲಿಟ್ಟು. ನಮ್ಮ ಹೆಂಗಸರು ಗಂಡನ ಅಪ್ಪಣೆ ಇಲ್ಲದೆ ಮನೆ ಬಿಡಲ್ಲ, ಅಲ್ಲಿನವರು ಬೇಕಾದಲ್ಲಿಗೆ ಹೋಗುತ್ತಾರೆ. ನಮ್ಮ ಮಕ್ಕಳು ಮೊದಲು ಓದು ಕಲಿತು ಆಮೇಲೆ ಬರೆಯುತ್ತಾರೆ, ಅವರ ಮಕ್ಕಳು ಬರೆಯೋದರಿಂದಲೇ ಶುರು. ಅಕ್ಕಿಯ ಮೇಲೆ ಬೆರಳಾಡಿಸಿ ಅಕ್ಷರಾಭ್ಯಾಸ ಮಾಡಿಸಿಕೊಂಡ ನಮಗೆ ಇದರಲ್ಲೇನು ಸೋಜಿಗ, ಅಲ್ವಾ? ಆದರೆ ಬೌದ್ಧ ಭಿಕ್ಷುಗಳ ಬಗ್ಗೆ ಬರೆಯುವಾಗ ಆಸಾಮಿಯ ಕಣ್ಣು ಕೆಂಪಾಗುತ್ತದೆ. ಮತ ಹರಡಲು ಹೋದವನ ಮಾತು ಅಂತ ನೆನಪಿಟ್ಟುಕೊಂಡೇ ಓದಿ.

ಪಕ್ಕದ ಕುಚಿನೊತ್ಸುವಿನಿಂದ ಅಮಾಕುಸಾ ದ್ವೀಪಗಳಿಗೆ ಫೆರಿ ಇದೆ, ಅರ್ಧ ಗಂಟೆ. 1590ರಲ್ಲಿ ಪಾದ್ರಿಗಳು ತಂದ ಅಚ್ಚಿನ ಯಂತ್ರ ಮೊದಲು ಕಜುಸಾದಲ್ಲಿ ಕೆಲಸ ಮಾಡಿ, ಆಮೇಲೆ ಅಮಾಕುಸಾಕ್ಕೆ ಹೋಯಿತು. ಅದರ ಪ್ರತಿಕೃತಿ ಅಲ್ಲಿನ ಕವಾಉರಾ ಮ್ಯೂಸಿಯಂನಲ್ಲಿದೆ. ಅಲ್ಲಿ ಓಡಾಡೋಕೆ ಕಾರೇ ಸರಿ. ಊರಿಂದ ಹೊರಡುವ ಮುಂಚೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ನಾನು ಮಾಡಿಸಿರಲಿಲ್ಲ. ಹಾಗಾಗಿ ಫೆರಿ ಹೋಗೋದನ್ನು ದಡದಿಂದಲೇ ನೋಡಿ, ಸಂಜೆ ಬಸ್ಸಿಗೆ ಬಂದು ನಿಂತೆ.