ಯಾವ ಫ್ಲೈಯಿಂಗ್ ಸ್ಕೂಲ್ ಒಳ್ಳೇದು ಅಂತ ಕೇಳುವವರಿಗೆ

ಮಗಳ ಪಿಯುಸಿ ಮುಗಿಯಿತು, ಪೈಲಟ್ ಆಗಬೇಕಂತೆ, ಯಾವ ಸ್ಕೂಲಿಗೆ ಸೇರಿಸೋಣ? ಹೀಗೆ ಕೇಳುವವರು ಬಹಳ. ವಿಮಾನ ಎಷ್ಟಿವೆ, ಲೈಸೆನ್ಸಿಗೆ ಬೇಕಾದ 200 ಗಂಟೆ ಎಷ್ಟು ತಿಂಗಳಲ್ಲಿ ಮುಗಿಯುತ್ತದೆ, ಎಲ್ಲ ವಿಚಾರಿಸಿರುತ್ತಾರೆ. ಬಲಗಡೆ ಸೀಟಿನಲ್ಲಿ ಕೂತು ಕಲಿಸುವವರು ಎಂಥವರು ಅಂತ ಮಾತ್ರ ಕೇಳಿರುವುದಿಲ್ಲ. ನಾನು ಮೊದಲು ಹೇಳುವುದೇ ಅದನ್ನು.

ನಾನು ಕಲಿತದ್ದು ಸೆಸ್ನಾ 152 ಅನ್ನೋ ಎರಡು ಸೀಟಿನ ಪುಟ್ಟ ವಿಮಾನದಲ್ಲಿ. ಭುಜಕ್ಕೆ ಭುಜ ತಾಗುವಷ್ಟೇ ಜಾಗ. ನನ್ನ ಮೊದಲ ಇನ್‌ಸ್ಟ್ರಕ್ಟರ್ ಹಾರಿಸುವುದರಲ್ಲಿ ಪಳಗಿದವರು, ಆದರೆ ಇಂಜಿನ್ ಸ್ಟಾರ್ಟ್ ಆದಾಗಿನಿಂದ ಆಫ್ ಆಗುವವರೆಗೂ ಬೈಗುಳ. ಇಳಿಯುವಾಗ ಇನ್ನೇನು ಮೂತಿ ಎತ್ತಬೇಕು ಅನ್ನುವಷ್ಟರಲ್ಲಿ ಕಂಟ್ರೋಲ್ ಕಿತ್ತುಕೊಳ್ಳುತ್ತಿದ್ದರು. ಹಾಗಾಗಿ ನೆಲ ಹತ್ತಿರ ಬಂದಾಗ ಕೈಗೆ ಹೇಗನ್ನಿಸಬೇಕು ಅನ್ನೋದೇ ನನಗೆ ತಿಳಿಯಲಿಲ್ಲ. ಹೆದರಿದ ಕೈ ಬಿಗಿಯಾಗಿ ಹಿಡಿಯುತ್ತದೆ. ರನ್‌ವೇ ಕಡೆ, ಸ್ಪೀಡಿನ ಮುಳ್ಳಿನ ಕಡೆ ಇರಬೇಕಾದ ಕಣ್ಣು ಪಕ್ಕದವರ ಮುಖದ ಕಡೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಟ್ಯಾಕ್ಸಿ ಮಾಡುತ್ತಿದ್ದಾಗ, ಅಂದರೆ ವಿಮಾನವನ್ನು ನೆಲದ ಮೇಲೇ ರನ್‌ವೇ ಕಡೆ ಓಡಿಸುತ್ತಿದ್ದಾಗ, ಕಂಟ್ರೋಲ್ ಟವರ್‌ನವರು ಹೇಳಿದ್ದು ಅರ್ಧ ಕೇಳಿಸಿತು. ನಿಲ್ಲಬೇಕಾ, ರನ್‌ವೇಗೆ ಹೋಗಬಹುದಾ? ಕೇಳಿದರೆ ಬೈಯುತ್ತಾರೆ ಅಂತ ಸುಮ್ನೆ ಮುಂದೆ ಹೋದೆ. ರನ್‌ವೇಗೆ ಮುಂಚೆ ನಿಲ್ಲಬೇಕಾದ ಗೆರೆ ದಾಟುವ ಮುಂಚೆ ಇನ್‌ಸ್ಟ್ರಕ್ಟರೇ ಬ್ರೇಕ್ ಒತ್ತಿದರು. ಅವತ್ತು ಬೈದದ್ದು ಸರಿಯೇ. ಆದರೆ ನನ್ನ ಬಾಯಿ ಕಟ್ಟಿದ್ದು ಅದಕ್ಕೂ ಹಿಂದಿನ ದಿನಗಳ ಬೈಗುಳ.

ಬೈದರೆ ತಾನೆ ಕಲಿಯೋದು, ನಮ್ಮ ಮೇಷ್ಟ್ರು ಹೊಡೆದೇ ಕಲಿಸಿದ್ದು ಅಂತ ಕೆಲವು ಅಪ್ಪಂದಿರು ಹೇಳುತ್ತಾರೆ. ಅವರಿಗೆ ನಾನು ಟೆನೆರೀಫ್ ಕಥೆ ಹೇಳುತ್ತೇನೆ. 1977ರ ಮಾರ್ಚ್ 27, ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ. ಟೇಕಾಫ್‌ಗೆ ಅನುಮತಿ ಸಿಗುವ ಮೊದಲೇ ಡಚ್ ಕಂಪನಿ ಕೆಎಲ್‌ಎಂನ ವಿಮಾನದ ಕ್ಯಾಪ್ಟನ್ ಹೊರಟುಬಿಟ್ಟರು. ಎದುರಿನ ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಅಂತ ಫ್ಲೈಟ್ ಇಂಜಿನಿಯರ್ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಅಷ್ಟಕ್ಕೇ ಮಾತು ನಿಂತಿತು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಆ ಕ್ಯಾಪ್ಟನ್ ತಮ್ಮ ಕಂಪನಿಯ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯ ಇನ್‌ಸ್ಟ್ರಕ್ಟರ್. ಪಕ್ಕದಲ್ಲಿದ್ದ ಕೋಪೈಲಟ್‌ಗೆ ಆ ಬೋಯಿಂಗ್ 747 ವಿಮಾನ ಹಾರಿಸುವ ಪರೀಕ್ಷೆ ಮಾಡಿದ್ದೂ ಅವರೇ. ಅಂಥವರಿಗೆ ಎರಡನೇ ಸಲ ಎದುರು ಹೇಳೋದು ಎಷ್ಟು ಕಷ್ಟ, ಯೋಚನೆ ಮಾಡಿ. ಮುಂದೆ 1979ರಲ್ಲಿ ನಾಸಾ ಕರೆದ ಸಭೆಯಿಂದ ಶುರುವಾಗಿ, ಸಂಶಯ ಬಂದರೆ ಕಿರಿಯರೂ ಬಾಯಿಬಿಟ್ಟು ಹೇಳಬೇಕು ಅನ್ನೋದು ವಿಮಾನಯಾನದಲ್ಲಿ ಪಾಠವೇ ಆಯಿತು. ಆ ಅಭ್ಯಾಸ ಬೆಳೆಯೋದು, ಸಾಯೋದು ಮೊದಲ ಇಪ್ಪತ್ತು ಗಂಟೆಗಳಲ್ಲಿ ಅಂತ ನನಗೆ ಅನ್ನಿಸುತ್ತದೆ.

ನನ್ನ ಎರಡನೇ ಇನ್‌ಸ್ಟ್ರಕ್ಟರ್ ಮೆತ್ತಗಿನವರೇನಲ್ಲ. ಇಳಿಯುವಾಗ ಸ್ಪೀಡ್ 5 ನಾಟ್, ಅಂದರೆ ಗಂಟೆಗೆ ಸುಮಾರು 9 ಕಿ.ಮೀ., ಜಾಸ್ತಿಯಾದರೂ ಬಿಡುತ್ತಿರಲಿಲ್ಲ. ಆದರೆ ಕೈ ತೊಡೆಯ ಮೇಲಿರುತ್ತಿತ್ತು, ತಪ್ಪನ್ನು ತಿದ್ದಿಕೊಳ್ಳಲು ನನಗೆ ಒಂದೆರಡು ಕ್ಷಣ ಬಿಡುತ್ತಿದ್ದರು. ಕೆಳಗಿಳಿದ ಮೇಲೆ ಮೊದಲ ಮಾತು, "ಎಲ್ಲಿ ತಪ್ಪಿತು, ನೀವೇ ಹೇಳಿ." ಎಲ್ಲದಕ್ಕೂ ಪರವಾಗಿಲ್ಲ ಅನ್ನುವವರೂ ಇರುತ್ತಾರೆ, ಅವರ ಹತ್ತಿರವೂ ಕಲಿಯೋದು ಕಷ್ಟ.

ಹಾಗಾಗಿ ಫೀಸು ಕಟ್ಟುವ ಮುಂಚೆ ಒಂದು ದಿನ ಹೋಗಿ, ಹಾರಾಟ ಮುಗಿಸಿ ಬರುವ ಹುಡುಗರ ಹತ್ತಿರ ಮಾತಾಡಿ. ಇನ್‌ಸ್ಟ್ರಕ್ಟರ್ ಬದಲಿಸಿಕೊಳ್ಳಬಹುದಾ ಅಂತ ಸ್ಕೂಲಿನ ಮುಖ್ಯ ಇನ್‌ಸ್ಟ್ರಕ್ಟರ್ (ಸಿಎಫ್‌ಐ) ಅವರನ್ನೇ ಕೇಳಿ. ಬದಲಿಸಿಕೊಡಿ ಅಂತ ಕೇಳುವ ಧೈರ್ಯ ಬರಲು ನನಗೆ ಒಂದೂವರೆ ತಿಂಗಳು ಬೇಕಾಯಿತು. ಹಾಗೆ ಕೇಳಿದರೆ ಮನೆಯಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲ್ಲ ಅಂತ ನಿಮ್ಮ ಮಗಳಿಗೆ ಈಗಲೇ ಹೇಳಿಡಿ.